ಭೀಮಾತೀರದ ಸಂಧಾನವಿದ್ಯೆಯೂ ಹುದುಗು ಮುಗಿದುದರ ಪರೀಕ್ಷೆಯೂ

ಧಾನ್ಯವನ್ನಾಗಲಿ, ಹಣ್ಣಿನ ರಸವನ್ನಾಗಲಿ, ಬೆಲ್ಲದ ನೀರನ್ನಾಗಲಿ ಭಾಂಡದಲ್ಲಿಟ್ಟು ಹುದುಗಿಸುವ ವಿದ್ಯೆಯು ಮನುಷ್ಯನಿಗೆ ಅತಿ ಪ್ರಾಚೀನ ಕಾಲದಿಂದಲೂ ತಿಳಿದಿರುವದು. ಹುದುಗಿಗೆ ಹಾಕುವದು ಸುಲಭ. ಹುದುಗು ಮುಗಿಯಿತೆಂದು ನಿಶ್ಚಯಿಸುವದು ಕಠಿಣ. ಮುಗಿಯುವ ಮುನ್ನ ಭಾಂಡದ ಬಾಯಿ ಬಿಗಿದರೆ ಒಳಗಿನ ವಾಯುವು ಅದನ್ನು ಒಡೆಯುತ್ತದೆ. ಮುಗಿದ ಮೇಲೆ ತೆರೆದು ಬಿಟ್ಟರೆ ದ್ರವವು ಹುಳಿಯಾಗಿ ಕೆಡುತ್ತದೆ. ಈ ಎರಡು ಅನರ್ಥಗಳ ನಡುವೆ ಇರುವ ಸರಿಯಾದ ಗಳಿಗೆಯನ್ನು ಗುರುತಿಸುವದೇ ಸಂಧಾನವಿದ್ಯೆಯ ಸಾರ. ಆ ಗುರುತುಗಳನ್ನು ನಮ್ಮ ಪೂರ್ವಿಕರು ಹೇಗೆ ಕಂಡುಕೊಂಡರು, ಇಂದಿನ ಶಾಸ್ತ್ರಜ್ಞರು ಅವುಗಳಿಗೆ ಏನನ್ನು ಸೇರಿಸಿದರು, ಈ ನಿಶ್ಚಯವು ತಪ್ಪಿದಾಗ ಅದರ ಫಲವನ್ನು ಯಾರು ಉಂಡರು ಎಂಬುದನ್ನು ವಿಚಾರಿಸುವದು ಈ ಲೇಖನದ ಉದ್ದೇಶ.

ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳು ಕಲಬುರಗಿ ಜಿಲ್ಲೆಯ ಪಶ್ಚಿಮ ಮತ್ತು ದಕ್ಷಿಣ ಭಾಗವನ್ನು ವ್ಯಾಪಿಸಿಕೊಂಡಿವೆ. ಆಳಂದದ ಕಡೆಯಿಂದ ಹರಿದು ಬರುವ ಅಮರ್ಜಾ ನದಿಯು ಅಫಜಲಪುರ ತಾಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುವದು. ಅಲ್ಲಿಂದ ಮುಂದೆ ಭೀಮೆಯು ಜೇವರ್ಗಿಯ ಸೀಮೆಯನ್ನು ಮುಟ್ಟಿ ಸಾಗುವಳು. ಕರಿಯ ಎರೆಮಣ್ಣಿನ ಈ ನೆಲದಲ್ಲಿ ಜೋಳವೂ ತೊಗರಿಯೂ ಮುಖ್ಯ ಬೆಳೆಗಳು; ಹಳ್ಳದ ದಂಡೆಗಳಲ್ಲಿ ಈಚಲ ಮರಗಳು ತಾವಾಗಿಯೇ ಬೆಳೆಯುತ್ತವೆ. ಬೇಸಿಗೆಯ ಉಷ್ಣವು 40 ಡಿಗ್ರಿ ಸೆಂಟಿಗ್ರೇಡನ್ನು ಮೀರುವದು; ಚಳಿಗಾಲದ ರಾತ್ರಿಗಳು ಸಾಕಷ್ಟು ತಂಪಾಗಿರುತ್ತವೆ. ಈ ಉಷ್ಣಶೀತಗಳ ಅಂತರವೇ ಹುದುಗಿನ ವಿಷಯದಲ್ಲಿ ದೊಡ್ಡ ತೊಡಕು. ಒಂದೇ ದ್ರವ್ಯ, ಒಂದೇ ಪ್ರಮಾಣ, ಒಂದೇ ಭಾಂಡವಿದ್ದರೂ ಚೈತ್ರದಲ್ಲಿ ಮುಗಿಯುವಷ್ಟು ದಿನಗಳಲ್ಲಿ ಪುಷ್ಯದಲ್ಲಿ ಮುಗಿಯದು.

ಜವೆಯ ಮೊಳಕೆಯಿಂದ ಮಾಡುವ ಪೇಯಕ್ಕೆ ಇಂದು ಬೀರು ಎಂದು ಹೆಸರು. ಈ ಹೆಸರು ಹೊಸದಾದರೂ ವಸ್ತುವಿನ ಸಂಬಂಧಿಯು ನಮ್ಮಲ್ಲಿ ಅತಿ ಹಳೆಯದು. ವೈದಿಕ ಸೌತ್ರಾಮಣೀ ಯಾಗದಲ್ಲಿ ಉಪಯೋಗಿಸುವ ಸುರೆಗೆ ಶಷ್ಪ, ತೋಕ್ಮ, ಲಾಜ, ನಗ್ನಹು ಎಂಬ ದ್ರವ್ಯಗಳು ಬೇಕೆಂದು ಯಜುರ್ವೇದದ ಗ್ರಂಥಗಳು ಹೇಳುತ್ತವೆ. ಶಷ್ಪವೆಂದರೆ ಮೊಳೆತ ಭತ್ತ, ತೋಕ್ಮವೆಂದರೆ ಮೊಳೆತ ಜವೆ, ಲಾಜವೆಂದರೆ ಅರಳು ಎಂದು ವ್ಯಾಖ್ಯಾನಕಾರರು ಅರ್ಥ ಮಾಡಿರುವರು. ನಗ್ನಹುವು ಹುದುಗಿನ ಬೀಜ. ಅಮರಸಿಂಹನು ಅದಕ್ಕೂ ಕಿಣ್ವಕ್ಕೂ ಭೇದವಿಲ್ಲವೆಂದು ಹೇಳಿ, ಹುದುಗಿಸುವ ಕ್ರಿಯೆಗೆ ಸಂಧಾನ, ಅಭಿಷವ ಎಂಬ ಪರ್ಯಾಯಗಳನ್ನು ಕೊಟ್ಟಿರುವನು. ಧಾನ್ಯವು ಮೊಳೆತಾಗ ಅದರೊಳಗಿನ ಪಿಷ್ಟವು ಸಕ್ಕರೆಯಾಗಲು ಯೋಗ್ಯವಾಗುತ್ತದೆಂಬ ತತ್ತ್ವವು ಆಗ ತಿಳಿದಿರಲಿಕ್ಕಿಲ್ಲ. ಆದರೆ ಆ ತತ್ತ್ವದ ಪ್ರಯೋಗವು ತಿಳಿದಿತ್ತೆಂಬುದು ನಿಸ್ಸಂಶಯ. ಆ ಯಾಗದಲ್ಲಿ ಸುರೆಯನ್ನು ಮೂರು ರಾತ್ರಿ ಇಡಬೇಕೆಂದು ವಿಧಿ. ಇಲ್ಲಿ ಹುದುಗಿನ ಅವಧಿಯನ್ನು ನಿಶ್ಚಯಿಸುವದು ಭಾಂಡದ ಲಕ್ಷಣವಲ್ಲ, ಕರ್ಮದ ಕಾಲಕ್ರಮ. ಯಾಗಕ್ಕೆ ಅದು ಸಾಲುವದು; ಮಾರುವವನಿಗಾಗಲಿ, ಔಷಧಿ ಮಾಡುವವನಿಗಾಗಲಿ ಸಾಲದು.

ಮಾರುವವರ ವಿಷಯವು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದೊರೆಯುವದು. ಬಹುಕಾಲ ಲುಪ್ತವಾಗಿದ್ದ ಈ ಗ್ರಂಥದ ತಾಳೆಗರಿ ಪ್ರತಿಯು ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿ 1905 ರಲ್ಲಿ ಬೆಳಕಿಗೆ ಬಂದು, ಆರ್. ಶಾಮಶಾಸ್ತ್ರಿಗಳಿಂದ 1909 ರಲ್ಲಿ ಮುದ್ರಿತವಾದುದು ಕನ್ನಡಿಗರು ಅಭಿಮಾನಪಡತಕ್ಕ ಸಂಗತಿ. ಅದರ ಎರಡನೆಯ ಅಧಿಕರಣದಲ್ಲಿ ಸುರಾಧ್ಯಕ್ಷನ ಅಧಿಕಾರವು ವರ್ಣಿತವಾಗಿದೆ. ಮೇದಕ, ಪ್ರಸನ್ನಾ, ಆಸವ, ಅರಿಷ್ಟ, ಮೈರೇಯ, ಮಧು ಎಂದು ಆರು ಬಗೆಗಳನ್ನು ಎಣಿಸಿ, ಪ್ರತಿಯೊಂದರ ಪಾಕಪ್ರಮಾಣವನ್ನು ಹೇಳಿದೆ. ಒಂದು ದ್ರೋಣ ನೀರು, ಅರ್ಧ ಆಢಕ ಅಕ್ಕಿ, ಮೂರು ಪ್ರಸ್ಥ ಕಿಣ್ವ ಕೂಡಿದರೆ ಮೇದಕ. ಉದ್ದಿನ ಹಿಟ್ಟಿಗೆ ಅಕ್ಕಿಯನ್ನೂ ಕೆಲವು ಮೂಲಿಕೆಗಳನ್ನೂ ಕೂಡಿಸಿದರೆ ಕಿಣ್ವಬಂಧ. ಈ ಕಿಣ್ವವನ್ನು ಶೋಧಿಸುವ ಕೆಲಸವನ್ನು ಹೆಂಗಸರೂ ಮಕ್ಕಳೂ ಮಾಡಬೇಕೆಂದಿದೆ.

ಆ ಪ್ರಕರಣದಲ್ಲಿ ಎರಡು ಮಾತುಗಳು ವಿಶೇಷ ಗಮನಕ್ಕೆ ಅರ್ಹವಾಗಿವೆ. ಮೊದಲನೆಯದು, ಕುಟುಂಬಸ್ಥರು ವಿಶೇಷ ಕಾರ್ಯಗಳಲ್ಲಿ ಶ್ವೇತಸುರೆಯನ್ನೂ ಔಷಧಕ್ಕಾಗಿ ಅರಿಷ್ಟವನ್ನೂ ಮನೆಯಲ್ಲಿಯೇ ಮಾಡಿಕೊಳ್ಳಬಹುದೆಂಬ ಅನುಮತಿ. ಉತ್ಸವ, ಸಮಾಜ, ಯಾತ್ರೆಗಳಲ್ಲಿ ನಾಲ್ಕು ದಿನಗಳ ಸಡಿಲಿಕೆಯೂ ಉಂಟು. ಎರಡನೆಯದು, ಕೆಟ್ಟ ಸುರೆಯ ವಿನಿಯೋಗ. ಕೆಟ್ಟುದನ್ನು ದಾಸರಿಗೂ ಕೂಲಿಯವರಿಗೂ ವೇತನವಾಗಿ ಕೊಡಬಹುದು, ಇಲ್ಲವೆ ವಾಹನದ ಪಶುಗಳಿಗೆ ಕುಡಿಸಲು, ಹಂದಿಗಳನ್ನು ಸಾಕಲು ಉಪಯೋಗಿಸಬಹುದು ಎಂದು ಶಾಸ್ತ್ರವು ನಿಸ್ಸಂಕೋಚವಾಗಿ ಹೇಳುತ್ತದೆ. ಹುದುಗಿನ ಪರೀಕ್ಷೆಯು ತಪ್ಪಿದರೆ ಅದರ ದಂಡವನ್ನು ತೆರುವವನು ಪರೀಕ್ಷಕನಲ್ಲ, ಕೂಲಿಯವನು! ಈ ಮಾತನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರ ಪ್ರಸಕ್ತಿ ಬರುವದು.

ಪರೀಕ್ಷೆಯ ಸೂಕ್ಷ್ಮಗಳನ್ನು ತಿಳಿಯಬೇಕಾದರೆ ಆಯುರ್ವೇದವನ್ನು ನೋಡಬೇಕು. ಚರಕಸಂಹಿತೆಯು ಧಾನ್ಯ, ಫಲ, ಮೂಲ, ಸಾರ, ಪುಷ್ಪ, ಕಾಂಡ, ಪತ್ರ, ತ್ವಕ್, ಶರ್ಕರೆ ಎಂಬ ಒಂಬತ್ತು ಮೂಲಗಳಿಂದ 84 ಆಸವಗಳನ್ನು ಎಣಿಸುತ್ತದೆ. ಶಾರ್ಙ್ಗಧರನು ಕಾಯಿಸದೆ ಸಂಧಾನ ಮಾಡಿದ್ದು ಆಸವ, ಕಷಾಯ ಮಾಡಿ ಸಂಧಾನ ಮಾಡಿದ್ದು ಅರಿಷ್ಟ ಎಂದು ಭೇದವನ್ನು ಹೇಳಿ, ಪ್ರಮಾಣವನ್ನು ಹೇಳದ ಸ್ಥಳದಲ್ಲಿ ಒಂದು ದ್ರೋಣ ದ್ರವಕ್ಕೆ ಒಂದು ತುಲಾ ಬೆಲ್ಲ, ಬೆಲ್ಲದ ಅರ್ಧ ಜೇನು, ಹತ್ತನೆಯ ಒಂದು ಪಾಲು ಚೂರ್ಣ ಎಂದು ಸಾಮಾನ್ಯ ನಿಯಮವನ್ನು ಕೊಟ್ಟಿರುವನು. ತುಪ್ಪ ಸವರಿದ ಭಾಂಡ, ಧಾತಕೀ ಪುಷ್ಪದ ಮೇಳ, ಬಾಯಿಗೆ ಬಟ್ಟೆ ಮತ್ತು ಮಣ್ಣಿನ ಲೇಪ, ನಂತರ ಧಾನ್ಯದ ರಾಶಿಯೊಳಗಾಗಲಿ ನೆಲದ ಗುಣಿಯಲ್ಲಾಗಲಿ ಪಕ್ಷ ಇಲ್ಲವೆ ಮಾಸದ ವಾಸ, ಇದು ಸಂಪ್ರದಾಯ. ಇವುಗಳಲ್ಲಿ ಯಾವುದೂ ವ್ಯರ್ಥವಲ್ಲ. ತುಪ್ಪವು ಮಣ್ಣಿನ ರಂಧ್ರಗಳನ್ನು ಮುಚ್ಚುವದು. ಧಾತಕಿಯ ಹೂವಿನ ಮಕರಂದದೊಡನೆ ಹುದುಗಿನ ಸೂಕ್ಷ್ಮಜೀವಿಗಳು ಬರುವವು. ಧಾನ್ಯರಾಶಿಯು ಹಗಲಿನ ತಾಪವನ್ನೂ ರಾತ್ರಿಯ ಶೀತವನ್ನೂ ತಡೆದು ಉಷ್ಣವನ್ನು ಸಮವಾಗಿಡುವದು. ಜೋಳದ ಹಗೇವುಗಳಿದ್ದ ನಮ್ಮ ಸೀಮೆಯಲ್ಲಿ ಈ ಕೊನೆಯ ಉಪಾಯದ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಸಿದ್ಧಿಯ ಲಕ್ಷಣಗಳು. ಚರಕನು ಸಿದ್ಧವಾದ ಅರಿಷ್ಟವನ್ನು ಜಾತರಸ, ಅಂದರೆ ರಸವು ಹುಟ್ಟಿದ್ದು, ಎಂದು ಕರೆಯುತ್ತಾನೆ. ವೈದ್ಯರು ಪರಂಪರೆಯಿಂದ ಬಳಸುವ ಪರೀಕ್ಷೆಗಳು ಮುಖ್ಯವಾಗಿ ನಾಲ್ಕು. ಭಾಂಡಕ್ಕೆ ಕಿವಿಯಿಟ್ಟು ಕೇಳಿದರೆ ಒಳಗೆ ಸುಂಯ್ ಎಂಬ ನಾದವಿರಬಾರದು. ಮೇಲೆ ನೊರೆಯೂ ಗುಳ್ಳೆಗಳೂ ನಿಂತಿರಬೇಕು. ಮೊದಲು ತೇಲುತ್ತಿದ್ದ ಹೂವು ಚೂರ್ಣಗಳು ತಳಕ್ಕೆ ಇಳಿದಿರಬೇಕು. ಬಾಯಿಯಲ್ಲಿ ಉರಿಯುವ ಬತ್ತಿಯನ್ನು ಹಿಡಿದರೆ ಅದು ಆರಬಾರದು. ಇವುಗಳೊಡನೆ ದ್ರವದ ತಿಳಿಯನ್ನೂ ನೋಡುವರು. ಶಾರ್ಙ್ಗಧರನು ಸುರೆಯ ಪದರುಗಳನ್ನು ಬಹು ಸ್ಪಷ್ಟವಾಗಿ ವಿಂಗಡಿಸಿರುವನು: ಎಲ್ಲಕ್ಕೂ ಮೇಲಿನ ತಿಳಿಯಾದ ಭಾಗವು ಪ್ರಸನ್ನಾ, ಅದರ ಕೆಳಗೆ ದಪ್ಪನಾದದ್ದು ಕಾದಂಬರೀ, ಅದರ ಕೆಳಗೆ ಜಗಲ, ಇನ್ನೂ ದಪ್ಪನಾದದ್ದು ಮೇದಕ, ಸಾರ ತೆಗೆದ ಉಳಿಕೆಯು ಬಕ್ಕಸ. ಹೀಗೆ ಪದರುಗಳು ಬೇರೆಬೇರೆಯಾಗಿ ನಿಲ್ಲುವದು ಒಳಗಿನ ಕ್ಷೋಭೆಯು ಶಮನವಾದಾಗ ಮಾತ್ರ. ಗುಳ್ಳೆಗಳು ಏಳುತ್ತಿರುವವರೆಗೆ ಗಸಿಯು ಕೂಡ್ರಲಾರದು.

ಇಲ್ಲಿ ಕಲ್ಯಾಣದ ಹೆಸರು ಬರುವದು ಸಹಜ. ಈ ಮೂರೂ ತಾಲೂಕುಗಳು ಕಲ್ಯಾಣ ಚಾಳುಕ್ಯರ ರಾಜ್ಯದ ಹೃದಯಭಾಗದಲ್ಲಿದ್ದವು. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076-1126) ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನ ಹೆಸರಿನೊಡನೆ ಶಹಾಬಾದದ ಸಮೀಪದ ಮರತೂರು ಗ್ರಾಮದ ಹೆಸರು ಕೂಡಿಕೊಂಡಿದೆ. ಯಾಜ್ಞವಲ್ಕ್ಯಸ್ಮೃತಿಯ ಪ್ರಾಯಶ್ಚಿತ್ತಾಧ್ಯಾಯದ ವ್ಯಾಖ್ಯಾನದಲ್ಲಿ ಆತನು ಸುರಾ ಶಬ್ದದ ಮುಖ್ಯಾರ್ಥವು ಹಿಟ್ಟಿನಿಂದಾದ ಪೈಷ್ಟಿಯೇ ಎಂದು ನಿರ್ಣಯಿಸಿ, ಪುಲಸ್ತ್ಯನ ವಚನವನ್ನು ಆಧಾರವಾಗಿಟ್ಟುಕೊಂಡು ಹಲಸು, ದ್ರಾಕ್ಷಿ, ಇಪ್ಪೆ, ಖರ್ಜೂರ, ತಾಳೆ, ಕಬ್ಬು ಮೊದಲಾದವುಗಳ ಹನ್ನೊಂದು ಮದ್ಯಗಳನ್ನೂ ಹನ್ನೆರಡನೆಯದಾಗಿ ಸುರೆಯನ್ನೂ ಎಣಿಸಿರುವನು. ಧರ್ಮಶಾಸ್ತ್ರಕಾರರಿಗೆ ಇದು ರುಚಿಯ ಪ್ರಶ್ನೆಯಲ್ಲ, ಪಾಪದ ತೂಕದ ಪ್ರಶ್ನೆ. ಯಾವ ದ್ರವವು ಯಾವ ಅವಸ್ಥೆಯಲ್ಲಿದೆಯೆಂದು ತಿಳಿಯದೆ ಪ್ರಾಯಶ್ಚಿತ್ತವನ್ನು ವಿಧಿಸುವದು ಹೇಗೆ? ಹುಳಿತದ್ದಕ್ಕೆ ಶುಕ್ತವೆಂದು ಬೇರೆ ಹೆಸರಿಟ್ಟು, ಮನುವು ಅದನ್ನು ನಿಷೇಧಿಸಿ ಮೊಸರು ಮೊದಲಾದವುಗಳಿಗೆ ವಿನಾಯಿತಿ ಕೊಟ್ಟುದೂ ಇದೇ ವಿವೇಚನೆಯ ಫಲ.

ಅದೇ ಕಲ್ಯಾಣದಲ್ಲಿ, ಆ ಶತಮಾನದಲ್ಲಿಯೇ, ಶಾಸ್ತ್ರದ ಇನ್ನೊಂದು ಮಗ್ಗುಲಿನಲ್ಲಿ ಹೆಂಡದ ಮಾರಯ್ಯನೆಂಬ ಶರಣನಿದ್ದನು. ಹೆಂಡ ಮಾರುವ ಕಾಯಕದವನಾದ ಆತನು ತನ್ನ ವೃತ್ತಿಯ ಪರಿಭಾಷೆಯನ್ನೇ ವಚನಗಳಿಗೆ ಒಯ್ದನು. ಸಂಧಾನವನ್ನು ಕೈಯಾರೆ ಬಲ್ಲವನೊಬ್ಬನು ಅದರ ವಿಷಯವಾಗಿ ಬಾಯಿಬಿಟ್ಟು ಮಾತಾಡಿದ ಉದಾಹರಣೆಯು ನಮ್ಮ ಸಾಹಿತ್ಯದಲ್ಲಿ ಇದಕ್ಕಿಂತ ಸಮೀಪದ್ದು ಬೇರೆ ದೊರೆಯಲಾರದು. ಶಾಸ್ತ್ರಕಾರರು ಭಾಂಡವನ್ನು ಹೊರಗಿನಿಂದ ನೋಡಿದರು; ಈತನು ಅದರ ಬಳಿ ಕುಳಿತು ನೋಡಿದನು.

ಹೆಂಡದ ವಿಷಯದಲ್ಲಿ ಗಳಿಗೆಯ ಪ್ರಶ್ನೆಯು ತಲೆಕೆಳಗಾಗುವದು. ತಾಳೆ, ಖರ್ಜೂರದ ರಸಗಳಿಂದ ಸಂಧಿತವಾದದ್ದು ವಾರುಣೀ ಎಂದು ಶಾರ್ಙ್ಗಧರನು ಹೇಳುತ್ತಾನೆ. ನಮ್ಮ ಸೀಮೆಯ ಈಚಲ ಸೇಂದಿಯು ಅದೇ ಜಾತಿಯದು. ಮರದಿಂದ ಇಳಿಯುವ ರಸವು ಸಿಹಿ. ಅದರಲ್ಲಿ ಶೇಕಡಾ 10 ರಿಂದ 12 ರಷ್ಟು ಸಕ್ಕರೆಯಿರುವದು. ಗಡಿಗೆಯ ಒಳಗೆ ಸುಣ್ಣ ಬಳಿದಿದ್ದರೆ ಅದು ನೀರಾ ಆಗಿಯೇ ಉಳಿಯುವದು. ಬಳಿಯದಿದ್ದರೆ ಮರದ ಮೇಲಿರುವಾಗಲೇ ಹುದುಗು ಆರಂಭವಾಗುವದು. ಒಂದು ಹಗಲು ಕಳೆಯುವದರೊಳಗೆ ಮದ್ಯಸಾರವು ಶೇಕಡಾ 4-5 ಕ್ಕೆ ಏರಿ, ಮರುದಿನ ಹುಳಿಯ ಕಡೆಗೆ ತಿರುಗುವದು. ಧಾನ್ಯದ ಸುರೆಯಲ್ಲಿ ಮುಗಿಯುವವರೆಗೆ ಕಾಯಬೇಕು. ಸೇಂದಿಯಲ್ಲಿ ಮುಗಿದು ಮುಂದೆ ಹೋಗುವ ಮುನ್ನ ಮಾರಬೇಕು. ಆದುದರಿಂದ ಈಡಿಗರ ಪರೀಕ್ಷೆಯು ನಾಲಿಗೆಯಲ್ಲಿಯೂ ಮೂಗಿನಲ್ಲಿಯೂ ಇದ್ದಿತು, ದಿನಗಣನೆಯಲ್ಲಿರಲಿಲ್ಲ.

ನಿಜಾಮರ ಆಳಿಕೆಯಲ್ಲಿ ಸೇಂದಿಯೂ ಸಾರಾಯಿಯೂ ಅಬಕಾರಿಗೆ ಒಳಪಟ್ಟವು. ಫಸಲಿ 1316 ರ ಹೈದರಾಬಾದ ಅಬಕಾರಿ ಕಾಯ್ದೆಯು ಈ ವ್ಯವಹಾರವನ್ನು ನಿಯಂತ್ರಿಸಿತು. ಗುತ್ತೆಯನ್ನು ಹಿಡಿದವನು ಗುತ್ತೇದಾರ. ಆ ಪದವು ಈ ತಾಲೂಕುಗಳಲ್ಲಿ ಇಂದಿಗೂ ಮನೆತನಗಳ ಅಡ್ಡಹೆಸರಾಗಿ ಉಳಿದಿರುವದನ್ನು ಎಲ್ಲರೂ ಬಲ್ಲರು. 1948 ರಲ್ಲಿ ಹೈದರಾಬಾದ ಸಂಸ್ಥಾನವು ಭಾರತದಲ್ಲಿ ಸೇರಿತು. 1956 ರ ನವೆಂಬರ 1 ರಂದು ಈ ಭಾಗವು ಕನ್ನಡ ನಾಡಿನೊಡನೆ ಒಂದಾಯಿತು. 1965 ರ ಕರ್ನಾಟಕ ಅಬಕಾರಿ ಕಾಯ್ದೆಯು ಹಳೆಯ ಕಾಯ್ದೆಯ ಸ್ಥಾನದಲ್ಲಿ ಬಂದಿತು. ಇದರ ಪ್ರಕಾರ ಪರವಾನಿಗೆಯಿಲ್ಲದೆ ಮನೆಯಲ್ಲಿ ಮದ್ಯವನ್ನು ತಯಾರಿಸುವಂತಿಲ್ಲ. ಕೌಟಿಲ್ಯನು ಕುಟುಂಬಸ್ಥನಿಗೆ ಕೊಟ್ಟ ಸ್ವಾತಂತ್ರ್ಯವು ಹೀಗೆ ಮುಗಿಯಿತು.

ಪಶ್ಚಿಮದಲ್ಲಿ ಈ ವಿದ್ಯೆಯು ಪಡೆದ ರೂಪವನ್ನು ಈಗ ನೋಡೋಣ. 1767 ರಲ್ಲಿ ಇಂಗ್ಲಂಡದ ಲೀಡ್ಸ್ ಪಟ್ಟಣದಲ್ಲಿ ಬೀರಿನ ಕಾರಖಾನೆಯ ಪಕ್ಕದಲ್ಲಿ ವಾಸಿಸತೊಡಗಿದ ಜೋಸೆಫ್ ಪ್ರೀಸ್ಟ್ಲಿಯು ಹುದುಗುವ ತೊಟ್ಟಿಗಳ ಮೇಲೆ ನಿಂತ ವಾಯುವಿನಲ್ಲಿ ಉರಿಯುವ ದೀಪವು ಆರುವದನ್ನು ಕಂಡು ಪ್ರಯೋಗಗಳನ್ನು ಮಾಡಿದನು. ನಮ್ಮ ವೈದ್ಯರ ಬತ್ತಿಯ ಪರೀಕ್ಷೆಯೂ ಇದೇ ಇಂಗಾಲಾಮ್ಲ ವಾಯುವಿನ ಪರೀಕ್ಷೆ. 1784 ರಲ್ಲಿ ಜಾನ್ ರಿಚರ್ಡ್‌ಸನ್ನನು ಬೀರಿನ ಕಾರಖಾನೆಯಲ್ಲಿ ತೇಲುಮಾಪಕದ ಉಪಯೋಗವನ್ನು ವಿವರಿಸಿ ಗ್ರಂಥವನ್ನು ಪ್ರಕಟಿಸಿದನು. ಗೇ-ಲುಸಾಕನು 1815 ರಲ್ಲಿ ಸಕ್ಕರೆಯು ಮದ್ಯಸಾರವಾಗಿಯೂ ಇಂಗಾಲಾಮ್ಲ ವಾಯುವಾಗಿಯೂ ಒಡೆಯುವ ಲೆಕ್ಕವನ್ನು ಕೊಟ್ಟನು. 100 ಭಾಗ ದ್ರಾಕ್ಷಾಶರ್ಕರೆಯಿಂದ ಸುಮಾರು 51 ಭಾಗ ಮದ್ಯಸಾರ, 49 ಭಾಗ ವಾಯು. ಲೂಯಿ ಪಾಶ್ಚರನು 1857 ರಿಂದ ಮುಂದಿನ ಪ್ರಬಂಧಗಳಲ್ಲಿಯೂ 1876 ರ ಬೀರಿನ ಮೇಲಿನ ಗ್ರಂಥದಲ್ಲಿಯೂ ಹುದುಗು ಜೀವಿಗಳ ಕಾರ್ಯವೆಂದು ಸ್ಥಾಪಿಸಿದನು. 1883 ರಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿ ಹಾನ್ಸೆನನು ಒಂದೇ ಕಣದಿಂದ ಶುದ್ಧವಾದ ಯೀಸ್ಟನ್ನು ಬೆಳೆಸಿದನು. ಕಿಣ್ವವೆಂದರೆ ಏನೆಂಬುದು ಆಗ ಕಣ್ಣಿಗೆ ಕಂಡಂತಾಯಿತು.

ತೇಲುಮಾಪಕದ ತತ್ತ್ವವು ಸರಳ. ಸಕ್ಕರೆಯಿಂದ ಕೂಡಿದ ದ್ರವವು ನೀರಿಗಿಂತ ಭಾರ. ಹುದುಗು ನಡೆದಂತೆ ಸಕ್ಕರೆಯು ಕಳೆದು, ನೀರಿಗಿಂತ ಹಗುರವಾದ ಮದ್ಯಸಾರವು ಹೆಚ್ಚುವದರಿಂದ ಕೊಳವೆಯು ದಿನದಿನಕ್ಕೆ ಹೆಚ್ಚು ಮುಳುಗುವದು. ನೀರಿನ ಭಾರವನ್ನು 1.000 ಎಂದು ಹಿಡಿದರೆ, ಸಾಧಾರಣ ಬೀರು ಹುದುಗಿಗೆ ಮುನ್ನ 1.050 ರಷ್ಟಿದ್ದು ಕೊನೆಗೆ 1.010 ರ ಸುತ್ತು ನಿಲ್ಲುವದು. ಆದರೆ ಈ ಕೊನೆಯ ಅಂಕವು ಧಾನ್ಯ, ಕಾಯಿಸಿದ ರೀತಿ, ಯೀಸ್ಟಿನ ಜಾತಿ ಇವುಗಳಿಗನುಸಾರವಾಗಿ ಬದಲಾಗುವದು. ಆದಕಾರಣ ಮನೆಯಲ್ಲಿ ಬೀರು ಮಾಡಲು ಕಾಯ್ದೆಯ ಅನುಮತಿಯಿರುವ ದೇಶಗಳಲ್ಲಿ ಅನುಭವಿಗಳು ಒಂದೇ ಅಂಕವನ್ನು ನಂಬುವದಿಲ್ಲ. ಎರಡು ಮೂರು ದಿನ ಬಿಟ್ಟು ಮತ್ತೆ ಅಳೆದಾಗ ಅಂಕವು ಕದಲದೆ ನಿಂತಿದ್ದರೆ ಮಾತ್ರ ಹುದುಗು ಮುಗಿಯಿತೆನ್ನುವರು; ಅನಂತರವೇ ಬೀರನ್ನು ಕೆಗ್ ಎಂಬ ಲೋಹದ ಪೀಪಾಯಿಗೆ ತುಂಬುವರು. ಅಂಕವು ನಿಂತ ಮೇಲೂ ಬೆಣ್ಣೆಯಂಥ ವಾಸನೆ ಉಳಿದಿದ್ದರೆ ಮತ್ತೆರಡು ದಿನ ಯೀಸ್ಟಿನ ಸಂಗಡವೇ ಬಿಡುವರು. ಯೀಸ್ಟು ತಾನು ಹುಟ್ಟಿಸಿದ ಆ ದೋಷವನ್ನು ತಾನೇ ನುಂಗಿಕೊಳ್ಳುವದು. ಜಾತರಸವೆಂಬ ಹಳೆಯ ಮಾತಿನ ಅರ್ಥವು ಇಲ್ಲಿ ವಿಶದವಾಗುವದು: ಸಕ್ಕರೆಯು ತೀರಿದುದಷ್ಟೇ ಸಿದ್ಧಿಯಲ್ಲ, ರಸವು ಹುಟ್ಟಬೇಕು.

ಈ ಎಚ್ಚರಿಕೆಯು ಏಕೆ ಬೇಕೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. 4 ಗ್ರಾಮ ಸಕ್ಕರೆಯು ಹುದುಗಿದರೆ ಸುಮಾರು 2 ಗ್ರಾಮ, ಅಂದರೆ ಹೊರಗಿನ ಗಾಳಿಯ ಒತ್ತಡದಲ್ಲಿ ಒಂದು ಲೀಟರಿನಷ್ಟು ವಾಯು ಹುಟ್ಟುವದು. ಒಂದು ಲೀಟರು ದ್ರವದಲ್ಲಿ 10 ಗ್ರಾಮ ಸಕ್ಕರೆ ಉಳಿದಿರುವಾಗಲೇ ಬಾಯಿ ಬಿಗಿದರೆ ಎರಡೂವರೆ ಲೀಟರು ವಾಯುವು ಆ ಇಕ್ಕಟ್ಟಿನಲ್ಲಿ ಅಡಗಬೇಕಾಗುವದು. ಪೀಪಾಯಿಗೆ ಒತ್ತಡವನ್ನು ಬಿಡುವ ಕವಾಟವುಂಟು. ಗಾಜಿನ ಸೀಸೆಗೂ ಮಣ್ಣಿನ ಗಡಿಗೆಗೂ ಅದಿಲ್ಲ.

ಇನ್ನು ಹಳೆಯ ನಾಲ್ಕು ಪರೀಕ್ಷೆಗಳನ್ನು ಈ ಬೆಳಕಿನಲ್ಲಿ ತೂಗಿ ನೋಡಿದರೆ, ಪ್ರತಿಯೊಂದರಲ್ಲಿಯೂ ಒಂದು ಕುಂದು ಕಾಣುವದು. ನಾದವೂ ನೊರೆಯೂ ನಿಲ್ಲುವದಕ್ಕೆ ಹುದುಗು ಮುಗಿಯುವದೊಂದೇ ಕಾರಣವಲ್ಲ; ಚಳಿಯಿಂದ ಯೀಸ್ಟು ಜಡವಾದರೂ ಅವು ನಿಲ್ಲುವವು. ಮಾಘದ ರಾತ್ರಿಯಲ್ಲಿ ಮೌನವಾದ ಭಾಂಡವು ಫಾಲ್ಗುನದ ಬಿಸಿಲಿಗೆ ಮತ್ತೆ ಮಾತಾಡಬಲ್ಲದು. ಬತ್ತಿಯ ಪರೀಕ್ಷೆಯಲ್ಲಿಯೂ ಹಾಗೆಯೇ: ವಾಯುವು ಭಾರವಾದುದರಿಂದ ಮುಗಿದ ಭಾಂಡದ ಬಾಯಲ್ಲಿಯೂ ಕೆಲಕಾಲ ನಿಂತು ದೀಪವನ್ನಾರಿಸಬಹುದು, ಹುದುಗು ಬಹು ಮಂದವಾಗಿದ್ದರೆ ಮುಗಿಯದ ಭಾಂಡದ ಮೇಲೂ ದೀಪವು ಉರಿಯಬಹುದು. ನಿಂತದ್ದು ಬೇರೆ, ಮುಗಿದದ್ದು ಬೇರೆ. ಈ ಭೇದವನ್ನು ಪೂರ್ವಿಕರು ಬಲ್ಲರೆಂಬುದಕ್ಕೆ ಅವರು ಯಾವ ಒಂದು ಲಕ್ಷಣವನ್ನೂ ಸಾಕೆನ್ನದೆ, ಕಿವಿ, ಕಣ್ಣು, ಮೂಗು, ನಾಲಿಗೆ, ದೀಪ ಎಲ್ಲವುಗಳ ಸಾಕ್ಷ್ಯವನ್ನು ಒಟ್ಟಿಗೆ ಕೇಳಿದ್ದೂ, ಭಾಂಡವನ್ನು ಧಾನ್ಯರಾಶಿಯಲ್ಲಿಟ್ಟು ಚಳಿಯ ಮೋಸವನ್ನು ಮೊದಲೇ ತಪ್ಪಿಸಿದ್ದೂ, ಅದರ ಮೇಲೆ ಪಕ್ಷ ಮಾಸಗಳ ಅವಧಿಯನ್ನು ವಿಧಿಸಿದ್ದೂ ಪ್ರಮಾಣ. ತೇಲುಮಾಪಕವು ಈ ಐದು ಸಾಕ್ಷಿಗಳ ಕೆಲಸವನ್ನು ಬಹುಮಟ್ಟಿಗೆ ಒಂದೇ ಅಂಕದಿಂದ ಮಾಡುವದು. ಆದರೆ ಅದೂ ಎರಡನೆಯ ಸಲ ಕೇಳಿದಾಗಲೇ ಸತ್ಯವನ್ನು ನುಡಿಯುವದು.

ಕಡೆಯದಾಗಿ, ಕೌಟಿಲ್ಯನ ಆ ಕಠೋರ ವಾಕ್ಯದ ಪ್ರಸಕ್ತಿ. ಅರೆಹುದುಗಿದ ಸುರೆಯಾಗಲಿ ಹುಳಿತ ಸೇಂದಿಯಾಗಲಿ ಹೊಟ್ಟೆಯನ್ನು ಕೆಡಿಸಬಹುದು. ಪ್ರಾಣವನ್ನು ತೆಗೆಯುವದು ಬೇರೆಯ ಬೆರಕೆ. 1981 ರಲ್ಲಿ ಬೆಂಗಳೂರಿನಲ್ಲಿ ಮೆಥನಾಲಿನ ವಿಷ ಬೆರೆತ ಮದ್ಯದಿಂದ ಮುನ್ನೂರಕ್ಕೂ ಹೆಚ್ಚು ಜನರು ಸತ್ತರು. ಅವರಲ್ಲಿ ಬಹುಭಾಗ ಬಡವರು. ಹೈದರಾಬಾದದ ಹಳೆಯ ಸೀಮೆಯಲ್ಲಿ ಸೇಂದಿಗೆ ಕ್ಲೋರಲ್ ಹೈಡ್ರೇಟ್ ಬೆರೆಸುವ ದುಷ್ಟ ಪದ್ಧತಿಯು ಬಹು ಸಂಸಾರಗಳನ್ನು ಹಾಳುಮಾಡಿತು. ಇದರ ಮೂಲವನ್ನು ವಿಚಾರಿಸಿದರೆ ಹುದುಗಿನ ಗಳಿಗೆಯನ್ನು ಕಾಯುವ ತಾಳ್ಮೆಯೂ ಕೈಗುಣವೂ ಕಳೆದು, ಅದರ ಸ್ಥಾನದಲ್ಲಿ ಪುಡಿಯು ಬಂದದ್ದು ಕಾಣುವದು. ರಸವು ಹುಟ್ಟಿದೆಯೋ ಇಲ್ಲವೋ ಎಂದು ನಾಲಿಗೆಯಿಂದ ಪರೀಕ್ಷಿಸುತ್ತಿದ್ದವನಿಗೆ, ಅಮಲು ಹೊರಗಿನಿಂದ ಬಂದ ಮೇಲೆ ಪರೀಕ್ಷೆಯ ಆವಶ್ಯಕತೆಯೇ ಉಳಿಯಲಿಲ್ಲ. ಕುಡಿಯುವವನಿಗೂ ತಾನು ಏನನ್ನು ಕುಡಿಯುತ್ತಿರುವೆನೆಂದು ತಿಳಿಯುವ ಮಾರ್ಗವು ಮುಚ್ಚಿಹೋಯಿತು. 2007 ರ ಜುಲೈ 1 ರಿಂದ ಕರ್ನಾಟಕದಲ್ಲಿ ಸಾರಾಯಿಯು ನಿಷಿದ್ಧವಾಯಿತು.

ಮದ್ಯದ ಗುಣದೋಷಗಳು ಹೇಗಾದರೂ ಇರಲಿ, ಸಂಧಾನವಿದ್ಯೆಯು ಇಂದಿಗೂ ವೈದ್ಯರ ಮನೆಗಳಲ್ಲಿ ದ್ರಾಕ್ಷಾರಿಷ್ಟ, ಅಭಯಾರಿಷ್ಟಗಳ ರೂಪದಲ್ಲಿ ಬಾಳುತ್ತಿದೆ. ಅವುಗಳಲ್ಲಿ ತಾನಾಗಿ ಹುಟ್ಟುವ ಮದ್ಯಸಾರವು ಸಾಧಾರಣವಾಗಿ ಶೇಕಡಾ 5 ರಿಂದ 10 ರಷ್ಟಿರುವದು. ಆ ಅರಿಷ್ಟವನ್ನು ಕುಡಿಯುವವನು ರೋಗಿ, ಬಾಣಂತಿ, ಮುದುಕ. ಅವರು ಭಾಂಡಕ್ಕೆ ಕಿವಿಯಿಟ್ಟು ಕೇಳಲಾರರು, ಬತ್ತಿ ಹಿಡಿದು ನೋಡಲಾರರು, ತೇಲುಮಾಪಕವನ್ನು ಬಲ್ಲವರಲ್ಲ. ಅವರ ಪರವಾಗಿ ಇನ್ನೊಬ್ಬನು ಆ ಕೆಲಸವನ್ನು ಎರಡು ಸಲ ಮಾಡಿರಬೇಕೆಂಬುದೇ ಈ ಎಲ್ಲ ಪರೀಕ್ಷೆಗಳ ತಾತ್ಪರ್ಯ.